ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದೆ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಚಿತ್ರದುರ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನ ರೈತರ ಮಗಳು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ನಮ್ಮ ಶೇಂಗಾ ಹೂವಿನಲ್ಲೇ ಒಣಗಿತು. ಮರುವರ್ಷ ಉಲ್ಟಾ. ಕಿತ್ತು ಹೊಲದಲ್ಲೇ ಹರವಿದ್ದ ಈರುಳ್ಳಿ ಮೇಲೆ ಮಳೆ ಬಿಡದೆ ಸುರಿಯಿತು. ತಾಡಪಾಲು ಹೊದಿಸಿದರೂ ಕೆಳಗಿಂದ ನೀರು ನುಗ್ಗಿತು. ನಾಲ್ಕನೇ ದಿನ ಎತ್ತಿ ನೋಡಿದೆವು. ಗಡ್ಡೆ ಮೇಲೆ ಚೆನ್ನಾಗಿಯೇ ಇತ್ತು, ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಆ ವಾಸನೆ ಅಮ್ಮನ ಸೀರೆಯಿಂದ ವಾರಗಟ್ಟಲೆ ಹೋಗಲಿಲ್ಲ.

ಎರಡು ಸಲವೂ ನಮಗೆ ಒಂದು ರೂಪಾಯಿ ಪರಿಹಾರ ಬರಲಿಲ್ಲ. ಸರ್ವೆಗೆ ಬಂದವರು ಫೋಟೊ ತೆಗೆದರು, ಬೆಳೆ ಹಾಳಾಗಿದೆ ಅಂತ ಬರೆದುಕೊಂಡರು. ಅದರಲ್ಲಿ ತಪ್ಪಿಲ್ಲ. ಆದರೆ ಪಹಣಿಯಲ್ಲಿರುವುದು ತಾತನ ಹೆಸರು. ಅವರು ತೀರಿಕೊಂಡು ಹದಿನಾರು ವರ್ಷವಾಯಿತು. ಹಣ ಹೋಗುವುದು ಪಹಣಿಗೆ ಜೋಡಿಸಿದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ನೋಡಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಮಧ್ಯವರ್ತಿಗಳ ಕೈ ತಪ್ಪಿಸಲು ಹೀಗೆ ಮಾಡಿದ್ದು ಒಳ್ಳೆಯದೇ. ಆದರೆ ಸತ್ತವರಿಗೆ ಎಫ್‌ಐಡಿ ಎಲ್ಲಿಂದ ಬರಬೇಕು, ಸಾರ್?

ಮೊತ್ತ ದೊಡ್ಡದೇನಲ್ಲ. ಆ ಎರಡು ವರ್ಷ ಮಳೆಯಾಶ್ರಿತ ಬೆಳೆಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ 3,400 ಚಿಲ್ಲರೆ. ಈರುಳ್ಳಿ ಕಳೆ ತೆಗೆಸುವ ಕೂಲಿಗೂ ಸಾಲದು. ಆದರೂ ಬಂದಿದ್ದರೆ ಮುಂದಿನ ಬಿತ್ತನೆಗೆ ಬಡ್ಡಿ ಸಾಲ ಅಷ್ಟಾದರೂ ಕಮ್ಮಿಯಾಗುತ್ತಿತ್ತು, ಅಲ್ವಾ?

ಪೌತಿ ಖಾತೆ ಮಾಡಿಸಿಕೊಳ್ಳಿ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ ಅಂತಾರೆ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಎಲ್ಲರ ಸಹಿ ಬೇಕು. ಚಿಕ್ಕಪ್ಪ ಬೆಂಗಳೂರಿನಲ್ಲಿ, ಅತ್ತೆ ಹಿರಿಯೂರಿನಲ್ಲಿ. ಎಲ್ಲರೂ ಸೇರಿದ ದಿನ ಕಚೇರಿಯಲ್ಲಿ ಸರ್ವರ್ ಇರಲಿಲ್ಲ. ನಮ್ಮ ಬೀದಿಯೊಂದರಲ್ಲೇ ಇಂಥ ಮನೆಗಳು ಐದಿವೆ.

ಇ-ಪೌತಿ ಆಂದೋಲನ ಅಂತ ಕಂದಾಯ ಇಲಾಖೆ ಹೇಳಿದಾಗ ನಿಜವಾಗಿಯೂ ಖುಷಿಯಾಯಿತು. ದಯವಿಟ್ಟು ನಮ್ಮ ಹೋಬಳಿಯಲ್ಲಿ ಅದನ್ನು ಮುಂಗಾರಿಗೆ ಮುಂಚೆ ಮುಗಿಸಿ. ಖಾತೆ ಬದಲಾಗುವವರೆಗೆ, ವಾರಸುದಾರರೆಲ್ಲ ಒಪ್ಪಿ ಬರೆದುಕೊಟ್ಟರೆ ಹೊಲ ಉಳುವವರ ಬ್ಯಾಂಕ್ ಖಾತೆಗೆ ಪರಿಹಾರ ಹಾಕುವ ಆದೇಶ ಹೊರಡಿಸಿ.

ಗ್ರಾಮ ಆಡಳಿತಾಧಿಕಾರಿ ಯಾವ ದಿನ ಬರುತ್ತಾರೆ ಅಂತ ಪಂಚಾಯಿತಿ ಬೋರ್ಡಿಗೆ ಹಾಕಿಸಿ. ಅಪ್ಪ ಆ ದಿನ ಹೊಲಕ್ಕೆ ಹೋಗುವುದಿಲ್ಲ. ಚಿಕ್ಕಪ್ಪನೂ ಹಿಂದಿನ ರಾತ್ರಿಯೇ ಬಸ್ ಹತ್ತುತ್ತೇನೆ ಅಂದಿದ್ದಾರೆ.

ಇಂತಿ,
ಚಳ್ಳಕೆರೆ ತಾಲ್ಲೂಕಿನ ರೈತರ ಮಗಳು