ಮರಳದಿಬ್ಬದ ಮೊಟ್ಟೆಗಳಿಗೂ ಜಾಗ ಬಿಡಿ

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ಯಾದಗಿರಿ ಹತ್ತಿರ ಭೀಮಾ ನದಿಯ ನಡುವಿನ ಮರಳದಿಬ್ಬಕ್ಕೆ ಮೊಣಕಾಲುದ್ದ ನೀರಲ್ಲಿ ನಡೆದು ಹೋಗಿದ್ದೆ. ಕಾಲಿಡುವಷ್ಟರಲ್ಲಿ ಕರಿ ಟೊಪ್ಪಿಗೆ, ಹಳದಿ ಕೊಕ್ಕಿನ ರಿವರ್ ಟರ್ನ್ ಹಕ್ಕಿ ಕಿರುಚುತ್ತಾ ನೆತ್ತಿಯ ಮೇಲೆಯೇ ಎರಗಿತು. ಬಗ್ಗಿ ನೋಡಿದರೆ ಬರೀ ಮರಳಿನ ಕುಳಿಯಲ್ಲಿ ಕಂದು ಚುಕ್ಕೆಯ ಮೂರು ಮೊಟ್ಟೆ. ಒಂದು ಕಡ್ಡಿಯೂ ಇಲ್ಲ. ಪಕ್ಕದಲ್ಲೇ ಟ್ರ್ಯಾಕ್ಟರ್ ಗಾಲಿಯ ಗುರುತು!

ಈ ಹಕ್ಕಿಗಳು ಮಾರ್ಚ್‌ನಿಂದ ಮೇ ತನಕ ಇಂಥ ನಡುಗಡ್ಡೆಗಳಲ್ಲೇ ಮರಿ ಮಾಡುತ್ತವೆ. ಸುತ್ತ ನೀರಿದ್ದರೆ ನಾಯಿ, ನರಿ ಕಾಟ ಕಡಿಮೆ ಅಲ್ವಾ? ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವನ್ನು ನೋಡಲು ಜನ ಎಲ್ಲೆಲ್ಲಿಂದಲೋ ಹೋಗುತ್ತಾರೆ. ನಮ್ಮೂರಿನವು ಸುಮ್ನೆ ಗಾಲಿಗೆ ಸಿಗಬೇಕಾ? ಆ ಮೂರು ತಿಂಗಳಾದರೂ ದಿಬ್ಬಗಳಲ್ಲಿ ಮರಳು ತೆಗೆಯಲು ಜಿಲ್ಲಾಡಳಿತ ಬಿಡಬಾರದು. ಬ್ಯಾರೇಜಿನಿಂದ ನೀರು ಬಿಟ್ಟರೆ ದಿಬ್ಬ ಮುಳುಗಿ ಮೊಟ್ಟೆ ಕೊಚ್ಚಿ ಹೋಗಬಹುದು; ಬಿಡುವ ಮುನ್ನ ಅರಣ್ಯ ಇಲಾಖೆಗೆ ಒಂದು ಮಾತು ತಿಳಿಸಲಿ.

– ಒಬ್ಬ ಓದುಗ, ಯಾದಗಿರಿ