ಮೊದಲ ವಯಲ್, ಕೊನೆಯ ವಯಲ್

ಮಲ್ಲೇಶ್ವರಂ, ಬೆಂಗಳೂರು

ಚಿ. ಮೇಘನಾಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಫ್ಲಾಸ್ಕ್ ಬಿಟ್ಟು ಬಯೋರಿಯಾಕ್ಟರ್ ಎಂಬ ಕೋಶ ಬೆಳೆಸುವ ಟ್ಯಾಂಕ್‌ನಲ್ಲಿ ಕಾಂಡಕೋಶ (ಸ್ಟೆಮ್ ಸೆಲ್) ಬೆಳೆಸುವ ಜವಾಬ್ದಾರಿ ನಿನ್ನ ಹೆಗಲಿಗೆ ಬಿತ್ತಂತೆ, ಅಕ್ಕ ಹೇಳಿದಳು. ಹೆಮ್ಮೆಯಾಯಿತು. ರಾತ್ರಿ ಲೆಕ್ಕ ಹಾಕುತ್ತ ಕೂತೆ. ಕೆಜಿಗೆ 20 ಲಕ್ಷ ಕೋಶ ಅಂದರೂ 60 ಕೆಜಿಯ ಒಬ್ಬ ರೋಗಿಗೆ 12 ಕೋಟಿ ಬೇಕು. ದೊಡ್ಡ ಫ್ಲಾಸ್ಕೊಂದು 30 ಲಕ್ಷ ಕೊಟ್ಟರೆ 40 ಫ್ಲಾಸ್ಕ್. ಸಾವಿರ ಜನಕ್ಕೆ 40,000! ಕೈಯಲ್ಲಿ ಆಗುವ ಮಾತಲ್ಲ. ಟ್ಯಾಂಕ್ ಬೇಕೇ ಬೇಕು.

ಆದರೆ ಪೀಣ್ಯದಲ್ಲಿ ಮೂವತ್ತು ವರ್ಷ ಫರ್ಮೆಂಟರ್ ಎಂಬ ಹುದುಗು ಟ್ಯಾಂಕಿನ ಮುಂದೆ ನಿಂತ ನನ್ನ ರೂಢಿಗಳನ್ನು ಹಾಗೇ ಎತ್ತಿಕೊಳ್ಳಬೇಡ. ನಾವು ತೆಗೆಯುತ್ತಿದ್ದುದು ಕಿಣ್ವ (ಎಂಜೈಮ್). ಎಲ್ಲೋ ಒಂದು ಸೂಕ್ಷ್ಮಾಣು ನುಸುಳಿದ್ದರೂ ಕೊನೆಗೆ 0.22 ಮೈಕ್ರಾನ್ ಫಿಲ್ಟರ್ ಹಿಡಿಯುತ್ತಿತ್ತು. ನಿನ್ನ ಔಷಧವೇ ಜೀವಂತ ಕೋಶ. ಆ ಫಿಲ್ಟರ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಅದೇ. ಕೊನೆಯಲ್ಲಿ ತೊಳೆದು ಶುದ್ಧಮಾಡುವ ದಾರಿಯೇ ನಿನಗಿಲ್ಲ. ಮೊದಲ ಹನಿಯಿಂದಲೇ ಮಡಿ.

ಕಲಕುವುದರಲ್ಲೂ ಎಚ್ಚರ. ನಾನು ಮೊದಲ ಸಲ ದೊಡ್ಡ ಟ್ಯಾಂಕಿಗೆ ಹೋದಾಗ ಚಿಕ್ಕದರ ಆರ್‌ಪಿಎಂ ಅನ್ನೇ ಇಟ್ಟೆ. ರೆಕ್ಕೆ ದೊಡ್ಡದಾದರೆ ತುದಿಯ ವೇಗವೂ ಏರುತ್ತದೆ ಎಂಬುದನ್ನು ಯೋಚಿಸಲಿಲ್ಲ. ಇಡೀ ಬ್ಯಾಚ್ ನೊರೆಯಾಯಿತು. ಮೀಸೆಂಕೈಮಲ್ ಎಂಬ ಬಗೆಯ ನಿನ್ನ ಕಾಂಡಕೋಶಗಳಂತೂ ಸಣ್ಣ ಮಣಿಗಳಿಗೆ ಅಂಟಿಕೊಂಡೇ ಬೆಳೆಯುವಂಥವು. ನಿಧಾನವಾದರೆ ಮಣಿ ತಳ ಹಿಡಿಯುತ್ತದೆ, ಜೋರಾದರೆ ಕೋಶ ಗಾಯಗೊಳ್ಳುತ್ತದೆ.

ಇಷ್ಟೆಲ್ಲ ನಿನಗೆ ಗೊತ್ತಿರುತ್ತದೆ. ನನ್ನ ನಿಜವಾದ ಚಿಂತೆ ವಯಲ್, ಅಂದರೆ ಔಷಧದ ಪುಟ್ಟ ಸೀಸೆ, ತುಂಬುವ ಕೋಣೆಯದು. ಘನೀಕರಿಸುವಾಗ ಕೋಶ ಹಾಳಾಗದಿರಲೆಂದು ಡಿಎಂಎಸ್‌ಓ ಎಂಬ ರಕ್ಷಕ ದ್ರವ ಬೆರೆಸಿದ ಮೇಲೆ ಕೋಶಗಳಿಗೆ ಹೊರಗಿನ ಬಿಸಿಯಲ್ಲಿ ಹೆಚ್ಚು ಹೊತ್ತು ಇರುವುದು ಒಗ್ಗದು. ಐವತ್ತು ವಯಲ್ ತುಂಬುವಾಗ ಮೊದಲನೆಯದಕ್ಕೂ ಕೊನೆಯದಕ್ಕೂ ಅಂಥ ಅಂತರವಿಲ್ಲ. ಸಾವಿರ ತುಂಬುವಾಗ ಕೊನೆಯ ವಯಲ್ ಎಷ್ಟು ಹೊತ್ತು ಕಾದಿರುತ್ತದೆ? ಟ್ಯಾಂಕ್ ದೊಡ್ಡದು ಮಾಡುವ ಉತ್ಸಾಹದಲ್ಲಿ ಈ ಸಾಲು ಉದ್ದವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕವೂ ಆಗಲೇ ನೊಂದ ಕೋಶವನ್ನು ಸರಿಮಾಡಲಾರದು.

ಅದಕ್ಕೇ ಹೇಳುತ್ತೇನೆ, ಪರೀಕ್ಷೆಗೆ ಆರಂಭದ ವಯಲ್ ಮಾತ್ರ ಕಳಿಸಬೇಡ. ಆರಂಭದ್ದು, ನಡುವಿನದು, ಕಟ್ಟಕಡೆಯದು, ಮೂರನ್ನೂ ಕರಗಿಸಿ ನೋಡು. ಎಷ್ಟು ಬದುಕಿವೆ ಎಂಬುದಷ್ಟೇ ಸಾಲದು, ಮಾಡಬೇಕಾದ ಕೆಲಸ ಮಾಡುತ್ತಿವೆಯೇ ಎಂದೂ ನೋಡು. ಕೊನೆಯದು ಸೋತರೆ ಬ್ಯಾಚ್ ಚಿಕ್ಕದು ಮಾಡು, ಇಲ್ಲವೇ ತುಂಬುವ ಯಂತ್ರ ಇನ್ನೊಂದು ಕೇಳು. ದುಬಾರಿ ಅನ್ನುತ್ತಾರೆ, ಅನ್ನಲಿ. ಆ ಕೊನೆಯ ವಯಲ್ ಸಿಗುವ ರೋಗಿಗೆ ತನ್ನದು ಕೊನೆಯದೆಂದು ಗೊತ್ತಾಗುವ ಬಗೆಯೇ ಇಲ್ಲ ಮಗಳೇ.

ಗಂಟೆ ನಿಮಿಷಗಳನ್ನು ಬ್ಯಾಚ್ ರೆಕಾರ್ಡಿನಲ್ಲಿ ಆಗಿಂದಾಗಲೇ ಬರೆ, ಸಂಜೆಗೆ ಉಳಿಸಬೇಡ. ಮೊದಲ ಭರ್ತಿ ಮುಗಿದ ಮೇಲೆ ಫೋನ್ ಮಾಡು. ಕೊನೆಯದು ಹೇಗೆ ಬಂತು, ಅಷ್ಟು ಹೇಳು ಸಾಕು.

ಇಂತಿ,
ನಿನ್ನ ಮಾವ