ಮೊದಲ ಕಂತಿಗೇ ನಕ್ಷತ್ರ ಎಣಿಸಬೇಡಿ

ಮಾನ್ಯ ಸಂಪಾದಕರೇ,

ಮಾಂಗಾ (ಜಪಾನಿನ ಚಿತ್ರಕಥೆ ಪುಸ್ತಕ) ಆಧರಿಸಿದ ಹೊಸ ಅನಿಮೆ (ಅಲ್ಲಿನ ಅನಿಮೇಷನ್ ಸರಣಿ) ಬಂತೆಂದರೆ ಮೊದಲ ಕಂತು ಪ್ರಸಾರವಾದ ವಾರವೇ ನಿಮ್ಮ ಪತ್ರಿಕೆಯಲ್ಲಿ ವಿಮರ್ಶೆ ಅಚ್ಚಾಗುತ್ತದೆ, ಐದಕ್ಕೆ ನಾಲ್ಕು ನಕ್ಷತ್ರವೂ ಬೀಳುತ್ತದೆ. ಕಾರಣ ಕೇಳಿದರೆ ‘ಚಿತ್ರಗಳು ಕಣ್ಮನ ಸೆಳೆಯುತ್ತವೆ’. ಮೊದಲ ಕಂತಿನ ಚಿತ್ರ ಚೆನ್ನಾಗಿರದೆ ಇನ್ನೇನು? ಸ್ಟುಡಿಯೊದ ಪಳಗಿದ ಕೈಗಳೆಲ್ಲ ಸಾಮಾನ್ಯವಾಗಿ ಅದರ ಮೇಲೇ ಕೂತಿರುತ್ತವೆ, ಸಮಯವೂ ಅದಕ್ಕೇ ಹೆಚ್ಚು ಸಿಕ್ಕಿರುತ್ತದೆ. ಭಯಾನಕ ಮಾಂಗಾಗಳ ಲೇಖಕ ಜುಂಜಿ ಇತೊ ಅವರ ‘ಉಜುಮಾಕಿ’ 2024ರ ಸೆಪ್ಟೆಂಬರ್‌ನಲ್ಲಿ ಕಪ್ಪು-ಬಿಳುಪಿನಲ್ಲೇ ಬಂದಾಗ ಮೊದಲ ಕಂತಿಗೆ ಹೊಗಳಿಕೆಯ ಸುರಿಮಳೆಯಾಯಿತು. ಎರಡನೆಯದರಲ್ಲಿ ಪಾತ್ರಗಳ ನಡಿಗೆಯೇ ತಡವರಿಸಿತು. ಇದ್ದದ್ದೇ ನಾಲ್ಕು ಕಂತು!

ಚಿತ್ರದ ಹೊಳಪಿಗಿಂತ ಮೊದಲು ನೋಡಬೇಕಾದದ್ದು ಲೆಕ್ಕ. ಕಂತು ಸುಮಾರು 24 ನಿಮಿಷ. ಆರಂಭದ ಹಾಡಿಗೆ 90 ಸೆಕೆಂಡ್, ಕೊನೆಯ ಹಾಡಿಗೆ 90 ಸೆಕೆಂಡ್ ಹೋದರೆ ಕಥೆಗೆ ಉಳಿಯುವುದು 20–21 ನಿಮಿಷ. ವಾರಪತ್ರಿಕೆಯ ಮಾಂಗಾದ ಒಂದು ಅಧ್ಯಾಯ ಹೆಚ್ಚುಕಡಿಮೆ 18–20 ಪುಟ. ಕಂತಿಗೆ ಎರಡು-ಮೂರು ಅಧ್ಯಾಯ ಹಿಡಿಸಿದರೆ ಉಸಿರಾಡಲು ಜಾಗವಿರುತ್ತದೆ. ನಾಲ್ಕೈದು ತುರುಕಿದರೆ ಮೊದಲು ಕತ್ತರಿ ಬೀಳುವುದು ಪಾತ್ರಗಳ ಮನಸ್ಸಿನ ಮಾತಿಗೆ. ಹೊಡೆದಾಟ ಉಳಿದು, ಯಾಕೆ ಹೊಡೆದಾಡುತ್ತಿದ್ದಾರೆ ಎಂಬುದು ಮಾಯವಾಗುತ್ತದೆ. ಒಂದು ಅಧ್ಯಾಯವನ್ನೂ ಪೂರ್ತಿ ಬಳಸದಿದ್ದರೆ ಬೆರಗಾದ ಮುಖಗಳನ್ನೇ ಸಾಲಾಗಿ ತೋರಿಸಿ ಹೊತ್ತು ಕಳೆಯುತ್ತಾರೆ. ಮಾಸಪತ್ರಿಕೆಯ ಅಧ್ಯಾಯಗಳು ಉದ್ದ, ಅಲ್ಲಿ ಲೆಕ್ಕ ಬೇರೆ.

ಇನ್ನು ಪುಟ ತಿರುಗಿಸುವ ವಿಷಯ. ಮಾಂಗಾ ಓದುವುದು ಬಲದಿಂದ ಎಡಕ್ಕೆ. ಎಡಪುಟದ ಕೆಳಮೂಲೆಯ ಕೊನೆಯ ಚೌಕದಲ್ಲಿ ಒಬ್ಬಳು ಬಾಗಿಲಿನ ಚಿಲಕಕ್ಕೆ ಕೈಯಿಟ್ಟಿದ್ದಾಳೆ ಎನ್ನಿ. ಹಾಳೆ ತಿರುವಿದರೆ ಇಡೀ ಪುಟದ ತುಂಬ ಬಾಗಿಲಾಚೆಯ ದೃಶ್ಯ. ಆ ಅರೆಗಳಿಗೆ ಓದುಗನ ಬೆರಳಲ್ಲಿದೆ. ಎಷ್ಟು ತಡೆಯಬೇಕೆಂಬುದು ಅವನ ಇಷ್ಟ. ಪರದೆಯಲ್ಲಿ ಹಾಳೆಯಿಲ್ಲ, ಅದರ ಕೆಲಸವನ್ನು ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಸಾಲು) ಬರೆದವರೇ ಮಾಡಬೇಕು. ಕೈಯ ಮೇಲೆ ದೃಶ್ಯ ನಿಲ್ಲಿಸಿ, ಸಂಗೀತ ಕಡಿದು, ಚಿಲಕದ ಸದ್ದೊಂದನ್ನೇ ಬಿಟ್ಟರೆ ಪೆಟ್ಟು ನಾಟುತ್ತದೆ. ಬಾಗಿಲು ತೆರೆಯುವ ಮೊದಲೇ ಡೋಲು-ಪಿಟೀಲು ಎದ್ದುಬಿಟ್ಟರೆ ಗುಟ್ಟು ಅಲ್ಲೇ ರಟ್ಟು. ಮೊದಲ ಕಂತಿನಲ್ಲಿ ಇಂಥ ಒಂದು ಜಾಗ ಇದ್ದೇ ಇರುತ್ತದೆ. ಅದನ್ನು ಹೇಗೆ ನಿಭಾಯಿಸಿದರು ಎಂದು ಬರೆದರೆ ನಕ್ಷತ್ರಗಳೇ ಬೇಡ.

ಚಲನೆ ಕಡಿಮೆಯಿದೆ ಎಂಬ ದೂರನ್ನೂ ತುಸು ತಡೆದು ಹೇಳಬೇಕು. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಅನಿಮೆಯಲ್ಲಿ ಒಂದು ಚಿತ್ರವನ್ನು ಎರಡು ಇಲ್ಲವೇ ಮೂರು ಫ್ರೇಮ್ ಹಿಡಿಯುವುದು ವಾಡಿಕೆ, ಅಂದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಮಾತಾಡುವಾಗ ತುಟಿಗೆ ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು ಎಂದು ಮೂರೇ ಚಿತ್ರ ಸಾಕಾಗುತ್ತದೆ. ಅದು ಸೋಮಾರಿತನವಲ್ಲ, ಉಳಿಸಿದ ಶ್ರಮವನ್ನು ಎಲ್ಲಿ ಸುರಿದರು ಎಂದು ನೋಡಿ. ನಿಜವಾದ ಅಪಾಯದ ಸುಳಿವು ಕಂತಿನ ಕೊನೆಗೆ ತೋರಿಸುವ ಕೆಲಸಗಾರರ ಹೆಸರುಗಳಲ್ಲಿರುತ್ತದೆ. ಮೊದಲ ಕಂತಿನಲ್ಲಿ ಒಬ್ಬರೋ ಇಬ್ಬರೋ ಇದ್ದ ಅನಿಮೇಷನ್ ಡೈರೆಕ್ಟರುಗಳು (ಇತರರು ಬರೆದ ಚಿತ್ರಗಳನ್ನು ತಿದ್ದುವವರು) ಐದನೆಯದರಲ್ಲಿ ಹತ್ತು ಮಂದಿಯಾದರೆ, ಬಹುತೇಕ ಸಲ ಗಡುವು ಕುತ್ತಿಗೆಗೆ ಬಂದು ತಿದ್ದುಪಡಿಯನ್ನು ಸಿಕ್ಕಸಿಕ್ಕವರಿಗೆ ಹಂಚಿದ್ದಾರೆಂದೇ ಅರ್ಥ. ಅದೇ ಪಾತ್ರದ ಮುಖ ಒಂದೊಂದು ದೃಶ್ಯದಲ್ಲಿ ಒಂದೊಂದು ಬಗೆ ಕಾಣುವುದು ಆಗಲೇ.

ಕೆಲವು ಕಥೆಗಳು ಒಂದು ಕಂತಿನಲ್ಲಿ ಶುರುವೇ ಆಗುವುದಿಲ್ಲ, ತಯಾರಕರಿಗೂ ಇದು ಗೊತ್ತು. ‘ಫ್ರೀರೆನ್’ 2023ರ ಸೆಪ್ಟೆಂಬರ್ 29ರಂದು ನಾಲ್ಕು ಕಂತುಗಳನ್ನು ಒಂದೇ ರಾತ್ರಿ ತೋರಿಸಿತು. ವೀರರ ಪಯಣ ಮುಗಿದ ಮೇಲೆ ಆರಂಭವಾಗುವ ಆ ಕಥೆಯಲ್ಲಿ ಮೊದಲ 20 ನಿಮಿಷ ಬರೀ ಪೀಠಿಕೆ. ಅದೇ ವರ್ಷದ ಏಪ್ರಿಲ್‌ನಲ್ಲಿ ‘ಓಶಿ ನೊ ಕೊ’ ಮೊದಲ ಕಂತನ್ನೇ ಒಂದೂವರೆ ಗಂಟೆಯದಾಗಿ ಮಾಡಿ ಮಾಂಗಾದ ಮೊದಲ ಸಂಪುಟವನ್ನು ಮುಗಿಸಿಬಿಟ್ಟಿತು. ಕಥೆ ನಿಜವಾಗಿ ತಿರುಗುವುದು ಆ ಸಂಪುಟದ ಕೊನೆಯಲ್ಲಿ (ಹೇಗೆಂದು ಹೇಳಿದರೆ ಇನ್ನೂ ನೋಡದವರು ನಮ್ಮನ್ನು ಸುಮ್ಮನೆ ಬಿಡರು).

ಆದ್ದರಿಂದ ನಮ್ಮ ಕೋರಿಕೆ: ಮೊದಲ ವಾರ ಪರಿಚಯವಷ್ಟೇ ಇರಲಿ, ತೀರ್ಪು ಮೂರನೇ ಕಂತಿನ ನಂತರ ಬರಲಿ. 12 ಕಂತುಗಳ ಸರಣಿಯಾದರೆ ಏಳರ ಹೊತ್ತಿಗೆ ಇನ್ನೊಮ್ಮೆ ನಾಲ್ಕು ಸಾಲು ಬರೆಯಿರಿ, ಕೆಡುವುದಿದ್ದರೆ ಅಷ್ಟರಲ್ಲಿ ಕೆಟ್ಟಿರುತ್ತದೆ. ಮಾಂಗಾದ ಎಷ್ಟನೇ ಅಧ್ಯಾಯಕ್ಕೆ ಕಂತು ನಿಂತಿತು ಎಂಬುದನ್ನೂ ಹಾಕಿ. ಮುಂದಿನ ವಾರದವರೆಗೆ ತಾಳಲಾರದವರು ಪುಸ್ತಕ ತೆರೆಯಬೇಕಾದ ಜಾಗ ಅದು. ಮೊದಲ ಪುಟದಿಂದಲೇ ಓದಿದರೆ ಇನ್ನೂ ಲೇಸು, ಕತ್ತರಿಗೆ ಸಿಕ್ಕಿದ್ದೆಲ್ಲ ಅಲ್ಲಿದೆ.

ಇತಿ,
ಮಾಂಗಾ ಓದುವ ಕೆಲವರು